ನಾಯಿಮರಿಗೆ ಹಾಲನ್ನ, ಕ್ಯಾಲ್ಸಿಯಂ ಟಾನಿಕ್: ಆ ಸಂದೇಶ ಸರಿಯಲ್ಲ

"ಮೂರು ತಿಂಗಳವರೆಗೆ ನಾಯಿಮರಿಗೆ ಆಕಳ ಹಾಲು, ಅನ್ನ ಮಾತ್ರ ಕೊಡಿ, ಎಲುಬು ಗಟ್ಟಿಯಾಗಲು ದಿನಾ ಕ್ಯಾಲ್ಸಿಯಂ ಟಾನಿಕ್ ಹಾಕಿ" ಎಂಬ ಸಂದೇಶ ಕಾರವಾರ, ಅಂಕೋಲಾ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ತಾಯಿನಾಯಿಯ ಹಾಲಿಗಿಂತ ಆಕಳ ಹಾಲಿನಲ್ಲಿ ಪ್ರೋಟೀನ್, ಕೊಬ್ಬು ಬಹಳ ಕಡಿಮೆ, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಹೆಚ್ಚು. ಅದು ಅರಗದೆ ಭೇದಿ ಹತ್ತಿದರೆ ಸಣ್ಣ ಮರಿ ಬೇಗ ನಿತ್ರಾಣವಾಗುತ್ತದೆ. 3–4 ವಾರಕ್ಕೇ ಮೆತ್ತಗಿನ ಆಹಾರ ಶುರು ಮಾಡಬಹುದು. ಮರಿಗಳಿಗೆಂದೇ ಬರುವ ಆಹಾರವನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಬೆರಳಲ್ಲಿ ಹಿಸುಕಿದರೆ ಗಂಜಿಯಂತಾಗಬೇಕು. ಮೂರು ತಿಂಗಳವರೆಗೆ ದಿನಕ್ಕೆ 4 ಸಲ, ಆಮೇಲೆ ಆರು ತಿಂಗಳವರೆಗೆ 3 ಸಲ ಹಾಕಿ.

ನಮ್ಮ ಕಡೆ ಮೀನಿಗೇನು ಬರ! ಬಂಗಡೆಯನ್ನು ಉಪ್ಪು-ಖಾರವಿಲ್ಲದೆ ಬೇಯಿಸಿ, ಮುಳ್ಳು ಪೂರ್ತಿ ಬಿಡಿಸಿ ಸ್ವಲ್ಪ ಕೊಡಬಹುದು. ನಾವುಣ್ಣುವ ಸಾರು ಮಾತ್ರ ಬೇಡ, ಈರುಳ್ಳಿ ನಾಯಿಗೆ ವಿಷ.

ಸಮತೋಲಿತ ಆಹಾರ ತಿನ್ನುವ ಮರಿಗೆ ಮೇಲಿಂದ ಕ್ಯಾಲ್ಸಿಯಂ ಬೇಕಿಲ್ಲ. ಹೆಚ್ಚಾದದ್ದನ್ನು ಹೊರಗಿಡಲು ಎಳೆಯ ಕರುಳಿಗೆ ಬರುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಕಾಲೆಲುಬೇ ಸೊಟ್ಟಗಾಗಬಹುದು. ಟಾನಿಕ್ ಬೇಕೋ ಬೇಡವೋ ಎಂಬುದನ್ನು ಮರಿಯನ್ನು ನೋಡಿದ ಪಶುವೈದ್ಯರೇ ಹೇಳಲಿ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.