ನಾಲ್ಕು ಪೆನ್ನಿ ದಂಡ, ಆಮೇಲೆ ರಾಜಮರ್ಯಾದೆ

ಇಂಗ್ಲೆಂಡಿನ ಹಳ್ಳಿಗಳ ಹಳೆಯ ಫುಟ್‌ಬಾಲಿಗೆ ಮೈದಾನ ಇರಲಿಲ್ಲ. ರೆಫರಿ ಇರಲಿಲ್ಲ. ತಂಡಕ್ಕೆ ಹನ್ನೊಂದೇ ಜನ ಅನ್ನುವ ಲೆಕ್ಕವೂ ಇರಲಿಲ್ಲ. ಈ ಚರ್ಚಿಗೆ ಸೇರಿದವರೆಲ್ಲ ಒಂದು ಕಡೆ, ಆ ಚರ್ಚಿನವರೆಲ್ಲ ಇನ್ನೊಂದು ಕಡೆ, ನಡುವೆ ಒಂದು ಚೆಂಡು. ಈಸ್ಟರ್ ಹಬ್ಬಕ್ಕೆ ಮೊದಲು ಬರುವ ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ಮುಂಚಿನ ಮಂಗಳವಾರ ಬೀದಿ, ಹೊಲ, ಹೊಳೆ ಎಲ್ಲ ಇವರದ್ದೇ. ಅರಸನ ಅಂಕೆಯಿಲ್ಲ, ದೆವ್ವದ ಕಾಟವಿಲ್ಲ.

ಅರಸರೇನೋ ಅಂಕೆ ಹಾಕಲು ಹೆಣಗಾಡಿದರು. ಗದ್ದಲ ಜಾಸ್ತಿಯಾಯಿತೆಂದು 1314ರಲ್ಲಿ ಲಂಡನ್ ಮೇಯರ್ ಎರಡನೇ ಎಡ್ವರ್ಡ್ ಹೆಸರಿನಲ್ಲಿ ಆಟ ನಿಷೇಧಿಸಿದ. ಆಡಿದರೆ ಜೈಲು. 1363ರಲ್ಲಿ ಮೂರನೇ ಎಡ್ವರ್ಡ್, ರಜೆಯ ದಿನ ಚೆಂಡು ಬಿಟ್ಟು ಬಿಲ್ಲು ಬಾಣ ಕಲಿಯಿರಿ ಎಂದ. ಜನ ಹೂಂ ಅಂದರು, ಚೆಂಡು ಒದ್ದರು. 1424ರಲ್ಲಿ ಸ್ಕಾಟ್ಲೆಂಡಿನ ಒಂದನೇ ಜೇಮ್ಸ್ ನಾಲ್ಕು ಪೆನ್ನಿ ದಂಡ ಇಟ್ಟ. ಈ ಕಾನೂನು ರದ್ದಾಗಿದ್ದು ಯಾವಾಗ ಗೊತ್ತಾ? 1906ರಲ್ಲಿ! ಅಂದರೆ 1872ರಲ್ಲಿ ಸ್ಕಾಟ್ಲೆಂಡ್ ತನ್ನದೇ ಗ್ಲಾಸ್ಗೋದಲ್ಲಿ ಇಂಗ್ಲೆಂಡ್ ಜೊತೆ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿದಾಗ ಆ ಕಾನೂನು ಪುಸ್ತಕದಲ್ಲಿ ಇನ್ನೂ ಕೂತಿತ್ತು. ನಾಲ್ಕು ಸಾವಿರ ಜನ ನಿಂತು ನೋಡಿದ ಅಪರಾಧ ಅದು. ಆದರೂ ಕಾನೂನಿನ ಮೇಲೆ ಎಷ್ಟು ಗೌರವ ನೋಡಿ, ಎರಡೂ ಕಡೆಯವರು ಒಂದು ಗೋಲೂ ಹೊಡೆಯಲಿಲ್ಲ.

ಡರ್ಬಿ ಪಟ್ಟಣದ ಆಟ ನಿಲ್ಲಿಸಲು 1846ರಲ್ಲಿ ಕುದುರೆ ಪಡೆಯನ್ನೇ ಕರೆಸಿದರು. ಪಕ್ಕದ ಆಶ್‌ಬೋರ್ನ್ ಮಾತ್ರ ಜಗ್ಗಲಿಲ್ಲ. ಅಲ್ಲಿ ಇಂದಿಗೂ ಎರಡು ದಿನದ ಆಟ. ಹೆನ್‌ಮೋರ್ ತೊರೆಯ ಆಚೆ ಹುಟ್ಟಿದವರಿಗೂ ಈಚೆ ಹುಟ್ಟಿದವರಿಗೂ ಜಿದ್ದು. ಒಂದು ಗೋಲಿನಿಂದ ಇನ್ನೊಂದಕ್ಕೆ ಮೂರು ಮೈಲಿ. ಚೆಂಡು ನೀರಿಗೆ ಬೀಳುವುದು ಖಾತ್ರಿ, ಅದಕ್ಕೇ ತೇಲಲೆಂದು ಒಳಗೆ ಬೆಂಡು ತುಂಬಿರುತ್ತಾರೆ. ತೊರೆಗಿಳಿದು, ಗೋಲೆಂದು ಇಟ್ಟಿರುವ ಬೀಸುವ ಕಲ್ಲಿಗೆ ಮೂರು ಸಲ ಚೆಂಡು ಬಡಿದರೆ ಗೋಲು. ಅಂಗಡಿಗಳವರು ಮೊದಲೇ ಕಿಟಕಿ ಬಾಗಿಲಿಗೆ ಹಲಗೆ ಹೊಡೆದಿರುತ್ತಾರೆ.

ನಿಯಮವೇ ಇಲ್ಲ ಅಂತ ಸುಮ್ನೆ ದೂರಬಾರದು. ಚೆಂಡನ್ನು ಕೋಟಿನೊಳಗೆ ಬಚ್ಚಿಡುವಂತಿಲ್ಲ. ಗಾಡಿಯಲ್ಲಿ ಸಾಗಿಸುವಂತಿಲ್ಲ. ಕೊಲೆ ಮಾಡುವಂತಿಲ್ಲ. ಸ್ಮಶಾನಕ್ಕೆ ನುಗ್ಗುವಂತಿಲ್ಲ. ಕೊಲೆಯ ನಿಯಮ ಪಾಲಿಸಿದರೆ ಸ್ಮಶಾನದಲ್ಲಿ ಕೆಲಸವೂ ಇಲ್ಲ, ಅಲ್ವಾ?

1928ರಲ್ಲಿ ಇಲ್ಲಿ ಚೆಂಡೆಸೆದು ಆಟ ಶುರು ಮಾಡಿಸಲು ಬಂದವನು ಸಾಕ್ಷಾತ್ ಯುವರಾಜ. ಮುಂದೆ ಎಂಟನೇ ಎಡ್ವರ್ಡ್ ಆದನಲ್ಲ, ಅವನೇ. ಇಬ್ಬರು ಎಡ್ವರ್ಡರು ಬೇಡವೆಂದಿದ್ದ ಆಟದ ಹೆಸರಿಗೆ ಆಗಿನಿಂದ ‘ರಾಯಲ್’ ಅಂಟಿಕೊಂಡಿತು. 2003ರಲ್ಲಿ, ಆಗ ಯುವರಾಜರಾಗಿದ್ದ ಚಾರ್ಲ್ಸ್ ಕೂಡ ಹೋಗಿ ಚೆಂಡೆಸೆದು ಬಂದರು. ಬಿಲ್ಲು ಬಾಣ ಕಲಿಯಿರಿ ಅಂತ ಯಾರಿಗೂ ಬುದ್ಧಿ ಹೇಳಿದ ಹಾಗಿಲ್ಲ.