ಫೇಡರ್ ಮುಂದೆ ನಿಂಬೆಹಣ್ಣು

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಗೆಳೆಯನ ಫೋನ್ ಬಂತು. ಅಷ್ಟು ಹೊತ್ತಿಗೆ ಫೋನ್ ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ಕೂರುತ್ತಾರೆ, ಊರಲ್ಲಿ ಯಾರಿಗೋ ಏನೋ ಆಯಿತು ಅಂತ.

"ಗುರುವೇ, ಎಂಟು ಸಾಕಾ, ಹದಿನಾರು ಬೇಕಾ?"

ಇಡ್ಲಿ ಲೆಕ್ಕ ಅಲ್ಲ, ಫೇಡರ್ ಲೆಕ್ಕ. ಫೇಡರ್ ಅಂದರೆ ದನಿ ಏರಿಸಲು ಇಳಿಸಲು ಮೇಲೆ ಕೆಳಗೆ ಜಾರಿಸುವ ಗುಂಡಿ, ಒಂದೊಂದು ದನಿಗೆ ಒಂದೊಂದು. ಅವನ ಹಾಡಿನಲ್ಲಿ ಇರುವುದು ಒಂದು ದನಿ, ಒಂದು ತಂಬೂರಿ, ಒಂದು ತಬಲಾ, ಒಂದು ಕೀಬೋರ್ಡು. ತಬಲಾಕ್ಕೆ ಎರಡು ಮೈಕ್ ಅಂತ ಹಿಡಿದರೂ ಐದಾಯಿತು. ಉಳಿದ ಹನ್ನೊಂದನ್ನು ಏನು ಮಾಡ್ತೀಯೋ ಅಂದೆ. "ಮುಂದೆ ಬೇಕಾಗುತ್ತಲ್ಲ" ಅಂದ. ಊರಾಚೆ ಸೈಟು ತೆಗೆದಿಡುವವರು ಹೀಗೇ ಹೇಳುವುದು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬೇರೆ ಬೇರೆಯಾಗಿ ಹಿಡಿದಿಟ್ಟ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು ಮಿಕ್ಸಿಂಗ್, ಅದರಲ್ಲಿ ಒಂದೊಂದೂ ಒಂದು ಟ್ರ್ಯಾಕ್. ಈಗ ಹಾಡಿನ ಮಿಕ್ಸಿಂಗ್ ಎಲ್ಲ ಕಂಪ್ಯೂಟರ್ ಒಳಗೇ ನಡೆಯುತ್ತದೆ. ತೆರೆಯ ಮೇಲೆ ಚಿತ್ರದ ಫೇಡರ್‌ಗಳಿರುತ್ತವೆ, ಮೌಸ್ ಹಿಡಿದು ಮೇಲೆ ಕೆಳಗೆ ಎಳೆಯಬೇಕು. ಅದನ್ನೇ ಕೈಯಾರೆ ಎಳೆಯಲಿ ಅಂತ ಮಾಡಿದ ಪೆಟ್ಟಿಗೆಗೆ ಕಂಟ್ರೋಲ್ ಸರ್ಫೇಸ್ ಅನ್ನುತ್ತಾರೆ. ನೋಡೋಕೆ ಥೇಟ್ ಮಿಕ್ಸರ್. ಆದರೆ ಹಾಡು ಅದರೊಳಗೆ ಹೋಗುವುದೇ ಇಲ್ಲ. ಹೋಗುವುದು ಬರೀ ಆಜ್ಞೆ: 'ಮೂರನೇ ಟ್ರ್ಯಾಕ್ ಸ್ವಲ್ಪ ಇಳಿಸು.' ಒಟ್ಟಿನಲ್ಲಿ ಟಿವಿ ರಿಮೋಟ್. ಅಗಲ ಜಾಸ್ತಿ, ಅಷ್ಟೇ.

ಆದರೂ ಜನ ಕೇಳುವ ಮೊದಲ ಪ್ರಶ್ನೆ, "ಇದರ ಸೌಂಡ್ ಹೇಗಿದೆ ಸಾರ್?"

ಅಂಗಡಿಗೆ ಹೋಗಿ ಟಿವಿ ರಿಮೋಟನ್ನು ಕೈಯಲ್ಲಿ ತೂಗಿ, ಇದರಲ್ಲಿ ಧಾರಾವಾಹಿ ಚೆನ್ನಾಗಿ ಬರುತ್ತಾ ಅಂತ ಕೇಳಿದ ಹಾಗೆ. ಕೇಳುವವರನ್ನಾದರೂ ಕ್ಷಮಿಸಬಹುದು. ಉತ್ತರ ಹೇಳುವವರೂ ಇದ್ದಾರೆ. ಪರಿಚಯದ ಒಬ್ಬರು ಹೊಸ ಪೆಟ್ಟಿಗೆ ತಂದ ವಾರದಲ್ಲೇ ಕಣ್ಣು ಮುಚ್ಚಿ ತಲೆ ಆಡಿಸುತ್ತಾ, "ಮೊದಲಿಗಿಂತ ವಾರ್ಮ್ ಆಗಿದೆ, ಅಲ್ವಾ?" ಅಂದರು. ವಾರ್ಮ್ ಆಗಿದ್ದು ನಿಜ. ಫೇಡರ್‌ಗಳನ್ನು ತಾನಾಗಿ ಓಡಿಸುವ ಒಂಬತ್ತು ಮೋಟಾರು, ಒಂದು ಪವರ್ ಸಪ್ಲೈ, ಕಿಟಕಿಗೆ ಫೋಮ್ ಬಡಿದ ಹತ್ತಡಿ ರೂಮು, ಏಪ್ರಿಲ್ ತಿಂಗಳು. ನಾನೂ ಬೆವರಿದೆ.

ಈ ಹುಚ್ಚಿಗೆ ಒಂದು ಗೌರವಸ್ಥ ಹಿನ್ನೆಲೆ ಇದೆ. ಹಿಂದೆ ಹಾಡು ನಿಜವಾಗಿಯೂ ಫೇಡರ್ ಮೂಲಕವೇ ಹೋಗುತ್ತಿತ್ತು. ದೊಡ್ಡ ಹಾಡಾದರೆ ಒಬ್ಬರ ಕೈ ಸಾಲದು. ಪಲ್ಲವಿಗೆ ನೀನು ಪಿಟೀಲು ಏರಿಸು, ಚರಣಕ್ಕೆ ನಾನು ಕೊಳಲು ಇಳಿಸುತ್ತೇನೆ ಅಂತ ಮೂರು ನಾಲ್ಕು ಜನ ಮೇಜಿನ ಸುತ್ತ ನಿಂತು ಒಂದೇ ಉಸಿರಿಗೆ ಮಿಕ್ಸ್ ಮುಗಿಸುತ್ತಿದ್ದರು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಆ ಪಾಡು ನೋಡಲಾರದೆ 1970ರ ದಶಕದಲ್ಲಿ ಇಂಗ್ಲೆಂಡಿನ ನೀವ್ ಕಂಪನಿಯವರು ಕಂಪ್ಯೂಟರ್ ನೆನಪಿಟ್ಟುಕೊಂಡು ತಾನೇ ಓಡಿಸುವ ಮೋಟಾರು ಫೇಡರ್ ತಂದರು. ನಮ್ಮ ಕಡೆ ಕನ್ನಡ ಸಿನಿಮಾ ಹಾಡುಗಳಿಗೆ ಬಹುಕಾಲ ಮದ್ರಾಸಿನ ಸ್ಟುಡಿಯೋಗಳೇ ಗತಿ. ನಾಗ್ ಸಹೋದರರು ಬೆಂಗಳೂರಲ್ಲಿ ಸಂಕೇತ್ ಸ್ಟುಡಿಯೋ ತೆರೆದಾಗ ಅದು ಸುದ್ದಿಯಾಗಿತ್ತು. ಈಗ ಬೆಂಗಳೂರಲ್ಲಿ ಸ್ಟುಡಿಯೋ ಇಲ್ಲದ ಎರಡು ಬೆಡ್‌ರೂಮ್ ಮನೆ ಸಿಕ್ಕರೆ ಸುದ್ದಿ. ನಾಲ್ಕು ಜನರ ಕೈ ಉಳಿಸಲು ಹುಟ್ಟಿದ ಯಂತ್ರವನ್ನು ಒಬ್ಬನೇ ಕೂರುವ ರೂಮಿಗೆ ತಂದು, ಅದನ್ನು ಇಡಲು ಮಂಚ ಮಡಚಿ ಗೋಡೆಗೆ ಒರಗಿಸಿದ್ದೇವೆ.

ಸರಿ, ಕೊಳ್ಳೋಣ ಅಂದಿರಿ. ಮೊದಲು ಗೋತ್ರ ವಿಚಾರಿಸಬೇಕು, ಅಂದರೆ ಪೆಟ್ಟಿಗೆ ಕಂಪ್ಯೂಟರಿನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತದೆ ಅಂತ. ಮದುವೆಗಾದರೆ ಸಗೋತ್ರ ಆಗಬಾರದು ಅಂತಾರೆ. ಇಲ್ಲಿ ಉಲ್ಟಾ. ಸಗೋತ್ರ ಅಲ್ಲದಿದ್ದರೆ ಸಂಬಂಧವೇ ಕುದುರುವುದಿಲ್ಲ. ಮೂಲಪುರುಷ ಮಿಡಿ, ಸಂಗೀತದ ಯಂತ್ರಗಳು ಒಂದಕ್ಕೊಂದು ಮಾತಾಡುವ ಭಾಷೆ, 1983ರವನು. ಅವನ ವಂಶದಲ್ಲಿ ಮೊದಲು ಹೂಯಿ, ಆಮೇಲೆ ಮ್ಯಾಕಿ ಕಂಟ್ರೋಲ್. ಬೇರೆ ಕಡೆಯಿಂದ ಬಂದ ಯೂಕಾನ್ ಅಂತ ಇನ್ನೊಂದು ಶಾಖೆ. ಯೂಫಾನಿಕ್ಸ್ ಕಂಪನಿಯವರದು, 2010ರಲ್ಲಿ ಅವಿಡ್ ಮನೆತನ ಸೇರಿತು. ಕ್ಯೂಬೇಸ್, ಲಾಜಿಕ್, ರೀಪರ್ ಅನ್ನುವ ಮಿಕ್ಸಿಂಗ್ ಸಾಫ್ಟ್‌ವೇರ್‌ಗಳ ಮನೆಗಳಲ್ಲಿ ಮ್ಯಾಕಿ ಕಂಟ್ರೋಲ್ ಭಾಷೆ ನಡೆಯುತ್ತದೆ. ಪ್ರೊ ಟೂಲ್ಸ್ ಮನೆಯವರು ಅದಕ್ಕೆ ಓಗೊಡುವುದಿಲ್ಲ. ಅಲ್ಲಿ ಹೂಯಿ ಅನ್ನಬೇಕು, ಇಲ್ಲವೇ ಯೂಕಾನ್ ಅನ್ನಬೇಕು. ಹುಡುಗ ಇಂಜಿನಿಯರ್, ಹುಡುಗಿ ಡಾಕ್ಟರ್, ಎಲ್ಲ ಚೆನ್ನಾಗಿದೆ ಅಂತ ಪೆಟ್ಟಿಗೆ ಮನೆ ತುಂಬಿಸಿಕೊಂಡ ಮೇಲೆ ಗೊತ್ತಾಗುತ್ತದೆ, ಫೇಡರ್ ಕೆಲಸ ಮಾಡುತ್ತದೆ, ಆದರೆ ಮೇಲಿನ ಹದಿನಾಲ್ಕು ಗುಂಡಿಗಳ ಹೆಸರು ಬೇರೆ ಯಾವುದೋ ಸಾಫ್ಟ್‌ವೇರಿನವು. ಆಗ ಅಂಟುಪಟ್ಟಿ ತಂದು ಪ್ರತಿ ಗುಂಡಿಯ ಮೇಲೆ ಹೊಸ ಹೆಸರು ಬರೆದು ಅಂಟಿಸುತ್ತಾ ಒಂದು ಭಾನುವಾರ ಕಳೆಯುತ್ತದೆ. ಹಾಡು ಸೋಮವಾರಕ್ಕೆ.

ಇನ್ನು ಮೆಟ್ಟಿಲ ಲೆಕ್ಕ, ಅಂದರೆ ಫೇಡರ್ ಕೆಳಗಿಂದ ಮೇಲೆ ಹೋಗುವಾಗ ದನಿ ಎಷ್ಟು ಹೆಜ್ಜೆಯಲ್ಲಿ ಏರುತ್ತದೆ ಅಂತ. ಕೋರ್ಗ್‌ನವರ ನ್ಯಾನೋಕಂಟ್ರೋಲ್ ಥರದ ಪುಟ್ಟ ಪೆಟ್ಟಿಗೆಗಳಲ್ಲಿ ಸ್ಲೈಡರಿನ ಇಡೀ ಓಟಕ್ಕೆ ಇರುವುದು 0ಯಿಂದ 127, ಅಂದರೆ 128 ಮೆಟ್ಟಿಲು. ಮ್ಯಾಕಿ ಕಂಟ್ರೋಲ್ ಗೋತ್ರದ ಮೋಟಾರು ಫೇಡರ್‌ಗಳಿಗೆ ಹತ್ತಿರ ಹತ್ತಿರ ಸಾವಿರ, ಚಾಮುಂಡಿ ಬೆಟ್ಟದಷ್ಟು. ಅಷ್ಟು ಮೆಟ್ಟಿಲು ಹೇಗೆ ಹುಟ್ಟಿಸಿದರು ಅನ್ನುವುದು ತಮಾಷೆಯಾಗಿದೆ. ಮಿಡಿಯಲ್ಲಿ ಸ್ವರವನ್ನು ಗಮಕದ ಹಾಗೆ ಜಾರಿಸಲು ಪಿಚ್ ಬೆಂಡ್ ಅಂತ ಒಂದು ಸಂದೇಶ ಇತ್ತು. ಅದಕ್ಕೆ ಮೆಟ್ಟಿಲು ಜಾಸ್ತಿ. ವಾಲ್ಯೂಮನ್ನು ಅದರ ವೇಷದಲ್ಲಿ ಕಳಿಸಿದರು. ಹಾಗಾಗಿ ಇವತ್ತಿಗೂ ನೀವು ತಬಲಾ ಇಳಿಸಿದಾಗ ತಂತಿಯೊಳಗೆ ಹೋಗುವುದು 'ಶ್ರುತಿ ಬಾಗಿಸು' ಅನ್ನುವ ಸುದ್ದಿ. ಆ ಕಡೆಯವರು ಅರ್ಥ ಮಾಡಿಕೊಂಡು ತಬಲಾ ಇಳಿಸುತ್ತಾರೆ. ಒಳ್ಳೆ ಸಂಸಾರ.

ಮೋಟಾರು ಇಲ್ಲದ ಪೆಟ್ಟಿಗೆಯ ಕಷ್ಟವೂ ಇದೆ, ಸುಳ್ಳು ಹೇಳಬಾರದು. ನಿನ್ನೆಯ ಹಾಡಿನಲ್ಲಿ ಸ್ಲೈಡರ್ ಮೇಲಿತ್ತು, ಇವತ್ತಿನ ಹಾಡಿನಲ್ಲಿ ತೆರೆಯ ಮೇಲೆ ಅದು ಕೆಳಗಿದೆ. ಬೆರಳು ಸೋಕಿದ್ದೇ ತಡ, ದನಿ ಧಡಕ್ಕನೆ ಕೈ ಇದ್ದ ಕಡೆಗೆ ಹಾರುತ್ತದೆ. ರಾತ್ರಿ ಹನ್ನೆರಡಕ್ಕೆ ಹಾಗೆ ಒಮ್ಮೆ ಹಾರಿ, ಪಕ್ಕದ ಮನೆ ಮಗು ಎದ್ದು, ಅದರ ಅಜ್ಜಿ ಎದ್ದು, ಕೊನೆಗೆ ಅಪಾರ್ಟ್‌ಮೆಂಟ್ ಸೆಕ್ರೆಟರಿಯೂ ಎದ್ದರು. ಮರುದಿನವೇ ಮೋಟಾರು ಫೇಡರ್ ಬೇಕೇ ಬೇಕು ಅಂತ ನಾನು ತೀರ್ಮಾನ ಮಾಡಿದ್ದು. ಕಂಪನಿ ಹೆಸರು ಬೇಡ. ಟ್ರ್ಯಾಕ್‌ಗಳಿಗೆ ಎಂಟು ಫೇಡರ್, ಪ್ಲಸ್ ಇಡೀ ಹಾಡಿಗೆ ಒಂದು, ಪೂರಾ 100 ಮಿಲಿಮೀಟರ್ ಓಟ, ಬೆರಳು ಸೋಕಿದರೆ ತಿಳಿಯುವ ಟಚ್ ಸೆನ್ಸರ್.

ಬಂದ ದಿನ ಮನೆಗೆ ನೆಂಟರೂ ಬಂದಿದ್ದರು. ಸ್ವಿಚ್ ಹಾಕಿದೆ. ಒಂಬತ್ತೂ ಫೇಡರ್ ಸಾಲಾಗಿ ಮೇಲೆ ಹೋಗಿ ಕೆಳಗೆ ಬಂದವು, ಹೋಮ್‌ಗಾರ್ಡ್ ಕವಾಯತಿನ ಹಾಗೆ. ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟು, "ಇನ್ನೊಂದು ಸಲ ಮಾಡೋ" ಅಂದರು. ಮಾಡಿದೆ. ಹದಿನೈದು ವರ್ಷದಿಂದ ನಾನು ಮಿಕ್ಸ್ ಮಾಡಿದ ಒಂದು ಹಾಡಿಗೂ ಅವರು ಇನ್ನೊಂದು ಸಲ ಅಂದವರಲ್ಲ. ನಮ್ಮ ಏರಿಯಾದಲ್ಲಿ ಕರೆಂಟು ದಿನಕ್ಕೆ ಮೂರು ಸಲವಾದರೂ ಹೋಗಿ ಬರುವುದರಿಂದ ಈಗ ಕವಾಯತು ನಾನು ಕೇಳದಿದ್ದರೂ ನಡೆಯುತ್ತದೆ.

ಮಿಕ್ಸ್ ಮಾತ್ರ ಹೇಗೆ ನಡೆಯುತ್ತದೆ ಗೊತ್ತಾ? ಕೈ ರೂಢಿ ಬಿಡುವುದಿಲ್ಲ. ಮೌಸಿನಲ್ಲಿ ಗೆರೆ ಎಳೆದು ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅಂತ ಬರೆಯುತ್ತೇನೆ. ಆಮೇಲೆ ಪ್ಲೇ ಒತ್ತಿ ಕೈಕಟ್ಟಿ ಕೂರುತ್ತೇನೆ. ಫೇಡರ್‌ಗಳು ತಾವೇ ಏರಿ ಇಳಿಯುತ್ತವೆ. ನಾನು ನೋಡುತ್ತೇನೆ. ಚೆನ್ನಾಗಿರುತ್ತದೆ. ಫೋನಿನಲ್ಲಿ ವಿಡಿಯೋ ತೆಗೆದು ರೀಲ್ಸ್‌ಗೆ ಹಾಕುವಾಗ ಮಾತ್ರ ಎರಡು ಬೆರಳು ಫೇಡರ್ ಹತ್ತಿರ ಹಿಡಿದು, ಹುಬ್ಬು ಗಂಟು ಹಾಕಿ, ಮೆಲ್ಲಗೆ ತಲೆದೂಗುತ್ತೇನೆ.

ಪ್ರತಿ ಫೇಡರ್ ಮೇಲೂ ಟ್ರ್ಯಾಕ್ ಹೆಸರು ತೋರಿಸುವ ಪುಟ್ಟ ತೆರೆ ಇದೆ. ಒಂದು ಹೆಸರಿಗೆ ಏಳು ಅಕ್ಷರದ ಜಾಗ, ಅದೂ ಇಂಗ್ಲಿಷಿಗೆ. ಕನ್ನಡದಲ್ಲಿ 'ಮೃದಂಗ' ಅಂತ ಹೆಸರಿಟ್ಟೆ, ಸಾಲಾಗಿ ಪ್ರಶ್ನೆಚಿಹ್ನೆ ಬಂದವು. 'ತಂಬೂರಿ'ಗೂ ಪ್ರಶ್ನೆ, 'ಕೊಳಲಿ'ಗೂ ಪ್ರಶ್ನೆ. ಒಂಥರಾ ಪರೀಕ್ಷೆಯ ಹಾಲ್. ಇಂಗ್ಲಿಷಿನಲ್ಲಿ 'ಹಿನ್ನೆಲೆ ಎಡ', 'ಹಿನ್ನೆಲೆ ಬಲ' ಅಂತ ಬರೆದರೆ ಎರಡೂ 'ಹಿನ್ನೆಲೆ'ಗೇ ನಿಂತುಬಿಟ್ಟವು. ಎಡ ಯಾವುದು ಬಲ ಯಾವುದು ದೇವರಿಗೇ ಗೊತ್ತು. ಟ್ರ್ಯಾಕ್‌ಗಳಿಗೆ ಇರುವುದು ಎಂಟು ಫೇಡರ್, ಹಾಡಿನಲ್ಲಿ ನಲವತ್ತು ಟ್ರ್ಯಾಕ್ ಇದ್ದರೆ ಕೊನೆ ಮುಟ್ಟಲು ನಾಲ್ಕು ಸಲ ಬ್ಯಾಂಕ್ ಬಟನ್ ಒತ್ತಿ ಪುಟ ತಿರುವಬೇಕು. ಮೂರನೇ ಪುಟದಲ್ಲಿದ್ದೇನೆ ಅಂತ ತಬಲಾ ಎಳೆದರೆ ಕೊಳಲು ಕುಸಿಯುತ್ತದೆ. ಈ ಗೊಂದಲಕ್ಕೆ ಪರಿಹಾರ ಇನ್ನೂ ಎಂಟು ಫೇಡರ್ ಅನ್ನುತ್ತಾರೆ. ಎಸ್‌ಎಸ್‌ಎಲ್‌ನವರ ಯುಎಫ್8 ಆದರೆ ನಾಲ್ಕು ಪೆಟ್ಟಿಗೆ ಪಕ್ಕಪಕ್ಕ ಜೋಡಿಸಿ 32 ಮಾಡಿಕೊಳ್ಳಬಹುದು. ಅಷ್ಟು ಉದ್ದದ ಮೇಜು ನಮ್ಮಲ್ಲಿ ಇರುವುದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ.

ನನ್ನನ್ನು ಕೇಳಿದರೆ ಒಂದೇ ಫೇಡರ್ ಇರುವ ಪೆಟ್ಟಿಗೆ ಸಾಕು. ಪ್ರಿಸೋನಸ್ಸಿನವರು ಫೇಡರ್‌ಪೋರ್ಟ್ ಅಂತ ಮಾಡುತ್ತಾರೆ, ಬೇರೆಯವರದೂ ಇವೆ. ಹಾಡುವವರ ದನಿಯನ್ನು ಸಾಲು ಸಾಲಿಗೂ ಕೈಯಲ್ಲಿ ಹಿಡಿದು ನಡೆಸುವುದು ಮೌಸಿಗಿಂತ ಬೆರಳಿಗೆ ಚೆನ್ನಾಗಿ ಬರುತ್ತದೆ, ಇದು ನಿಜ. ಮಿಕ್ಕಿದ್ದಕ್ಕೆ ಒಂದು ಬೆರಳೂ ಬೇಕಾಗುವುದಿಲ್ಲ. ಆದರೆ ಒಂದು ಫೇಡರ್ ಪೆಟ್ಟಿಗೆ ರೀಲ್ಸ್‌ನಲ್ಲಿ ಕ್ಯಾಲ್ಕುಲೇಟರ್ ಹಾಗೆ ಕಾಣುತ್ತದೆ. ಯಾರು ಕೊಳ್ಳುತ್ತಾರೆ?

ಇಷ್ಟೆಲ್ಲ ಮಾಡಿ ಅರ್ಧ ಡೆಸಿಬಲ್ ಏರಿಸಿ, ಕಾಲು ಡೆಸಿಬಲ್ ಇಳಿಸಿ, ಮೂರು ರಾತ್ರಿ ನಿದ್ದೆಗೆಟ್ಟ ಹಾಡನ್ನು ಯೂಟ್ಯೂಬಿಗೆ ಹಾಕುತ್ತೇವೆ. ಜೋರಿದ್ದರೆ ಅವರೇ ತಗ್ಗಿಸುತ್ತಾರೆ. ಆಮೇಲೆ ಅದನ್ನು ಒಬ್ಬರು ಮೆಜೆಸ್ಟಿಕ್ ಬಸ್ಸಿನಲ್ಲಿ ಫೋನಿನ ಸ್ಪೀಕರಿಗೆ ಹಾಕಿ, ಫೋನನ್ನು ಅಂಗಿ ಜೇಬಿನಲ್ಲಿಟ್ಟು ಕೇಳುತ್ತಾರೆ. ಜೇಬಿನಲ್ಲಿ ತಂಬೂರಿ ಇಲ್ಲ, ಎಡಬಲ ಇಲ್ಲ. ಕಂಡಕ್ಟರ್ ಸೀಟಿ ಇದೆ.

ಆಯುಧಪೂಜೆ ಕಥೆ ಹೇಳಿ ನಿಲ್ಲಿಸುತ್ತೇನೆ.

ಕಳೆದ ವರ್ಷ ಅಮ್ಮ ಊರಿಂದ ಬಂದಿದ್ದರು. ಸ್ಕೂಟರ್, ಮಿಕ್ಸಿ, ಇಳಿಗೆಮಣೆ ಎಲ್ಲದಕ್ಕೂ ಅರಿಶಿನ ಕುಂಕುಮ ಆಯಿತು. ಆಮೇಲೆ ನನ್ನ ರೂಮಿಗೆ ಬಂದರು.

"ಇದಕ್ಕೂ ಮಾಡಬೇಕಲ್ಲೋ, ನಿನ್ನ ಹೊಟ್ಟೆಪಾಡು."

"ಅದಕ್ಕೆ ಬೇಡಮ್ಮ, ಪುಡಿ ಸಂದಿಗೆ ಹೋಗುತ್ತೆ."

"ದೇವರ ಕುಂಕುಮ ಏನೂ ಮಾಡಲ್ಲ ಕಣೋ. ನಿಂಬೆಹಣ್ಣು ಎಲ್ಲಿಡಲಿ? ಇದಕ್ಕೆ ಚಕ್ರ ಇದೆಯಾ?"

ಸುಮ್ನೆ ಇಲ್ಲ ಅನ್ನಬಹುದಿತ್ತು. ಬಲಗಡೆ ಹಾಡನ್ನು ಹಿಂದೆ ಮುಂದೆ ಮಾಡಲು ಒಂದು ಜಾಗ್ ವೀಲ್ ಇತ್ತು. ಬಾಯಿ ತಪ್ಪಿ "ಇದೆ" ಅಂದುಬಿಟ್ಟೆ. ಅಮ್ಮ ಸಮಾಧಾನದಿಂದ ಚಕ್ರದ ಎರಡೂ ಪಕ್ಕ ಒಂದೊಂದು ನಿಂಬೆಹಣ್ಣು ಇಟ್ಟರು. ಫೇಡರ್‌ಗಳ ಮೇಲೆ ಆಗ ತಾನೇ ನೀರು ಚಿಮುಕಿಸಿದ ಚೆಂಡುಹೂವಿನ ಮಾಲೆ ಹಾಸಿದರು. "ಪೂಜೆ ಹೊತ್ತಿಗೆ ಒಂದು ಹಾಡು ಬರ್ತಿರಲಿ" ಅಂದರು. ಕೈಗೆ ಸಿಕ್ಕಿದ್ದು ಹಿಂದಿನ ರಾತ್ರಿಯ ಹಾಡು, ಅರ್ಧ ಮಿಕ್ಸ್ ಆದದ್ದು. ಪ್ಲೇ ಒತ್ತಿ ಮಂಗಳಾರತಿ ತಟ್ಟೆ ತರಲು ಅಡುಗೆಮನೆಗೆ ಹೋದೆ. ಆಟೋಮೇಶನ್ ಟಚ್ ಮೋಡಿನಲ್ಲೇ ಇತ್ತು. ಅಂದರೆ ಯಾರಾದರೂ ಫೇಡರ್ ಮುಟ್ಟಿದರೆ ಆ ಚಲನೆ ಹಾಡಿನಲ್ಲಿ ದಾಖಲಾಗುತ್ತದೆ. ಅದು ನನಗೆ ನೆನಪಾದದ್ದು ಎರಡು ದಿನ ಬಿಟ್ಟು.

ಒದ್ದೆ ಹೂವು ಸೋಕಿದ್ದನ್ನು ಪೆಟ್ಟಿಗೆ ಬೆರಳು ಅಂದುಕೊಂಡಿತ್ತು. ಮುಂದಕ್ಕೆ ಇಳಿಜಾರಾದ ಪೆಟ್ಟಿಗೆ, ಮಾಲೆಯ ಭಾರ. ಎರಡನೇ ಚರಣದಲ್ಲಿ ಗಾಯಕರ ದನಿ ಮೆಲ್ಲ ಮೆಲ್ಲಗೆ ತಗ್ಗಿ, ಕೊನೆಯ ಸಾಲಿಗೆ ಅಮ್ಮ ಮಾಲೆ ಸರಿ ಮಾಡಿದಾಗ ಮೆಲ್ಲಗೆ ಮೇಲೆ ಬಂದಿತ್ತು. ನಾನು ಗಮನಿಸದೆ ಅದನ್ನೇ ಗಾಯಕರಿಗೆ ಕಳಿಸಿಬಿಟ್ಟಿದ್ದೆ.

ಅವರು ಫೋನ್ ಮಾಡಿದರು. "ಎರಡನೇ ಚರಣದಲ್ಲಿ ದನಿಯನ್ನ ಹಾಗೆ ಒಳಕ್ಕೆ ತಗೊಂಡು ಹೋಗಿ ಕೊನೇಲಿ ಬಿಟ್ರಲ್ಲ, ಕಣ್ಣಲ್ಲಿ ನೀರು ಬಂತು ಸಾರ್. ಇಷ್ಟು ವರ್ಷ ಯಾರೂ ನನಗೆ ಹಾಗೆ ಮಾಡಿಕೊಟ್ಟಿರಲಿಲ್ಲ. ಹೇಗೆ ಮಾಡಿದ್ರಿ?"

ಚೆಂಡುಹೂವು ಅನ್ನಲು ಬಾಯಿ ಬರಲಿಲ್ಲ.

"ಟಚ್ ಸೆನ್ಸಿಟಿವ್ ಫೇಡರ್, ಸಾರ್."

"ಎಂಟರದ್ದಾ, ಹದಿನಾರರದ್ದಾ?" ಅಂದರು. ಮಗ ಮನೆಯಲ್ಲೇ ಸ್ಟುಡಿಯೋ ಮಾಡುತ್ತಿದ್ದಾನಂತೆ.

ಐದನೇ ಫೇಡರ್ ಇವತ್ತಿಗೂ ಮೇಲೆ ಹೋಗುವಾಗ ಕರಕರ ಅನ್ನುತ್ತದೆ, ಸಂದಿಯಲ್ಲಿ ಕುಂಕುಮ ಇದೆ. ಅದನ್ನು ಬಿಚ್ಚಿಸಿ ಕ್ಲೀನ್ ಮಾಡಿಸುತ್ತೇನೆ ಅಂದರೆ ಅಮ್ಮ ದಸರಾ ಕಳೆಯಲಿ ಅನ್ನುತ್ತಾರೆ.