ಹತ್ತೊಂಬತ್ತರ ಮಗ್ಗಿ

ನಮ್ಮ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಇಪ್ಪತ್ತರ ಮಗ್ಗಿ ಯಾರಿಗೂ ಬೇಡ. 20ನೆಯ ಕೆಲಸಗಾರ ಗೇಟು ದಾಟಿದ ದಿನವೇ ಪಿ.ಎಫ್. (ಭವಿಷ್ಯ ನಿಧಿ) ಕಾಯ್ದೆಯೂ ಅವನ ಹಿಂದೆಯೇ ಒಳಗೆ ಬರುತ್ತದೆ. ಹಾಗಾಗಿ 57 ಜನರ ಕಾರ್ಖಾನೆಯಲ್ಲಿ ಅಣ್ಣನಿಗೆ 19, ತಮ್ಮನಿಗೆ 19, ಅತ್ತಿಗೆಗೆ 19 ಎಂದು ಪಾಲು. ಬೋರ್ಡು ಮೂರು, ಗೇಟು ಒಂದು.

ಬ್ಯಾಂಕಿನಲ್ಲಿ ಸಾಲ ಕೇಳುವಾಗ ಇವರದು ‘ಗ್ರೂಪ್ ಆಫ್ ಕಂಪನೀಸ್’. ಪಿ.ಎಫ್. ಅಧಿಕಾರಿ ಬಂದರೆ ಪಕ್ಕದ ಶೆಡ್ಡಿನವರು ಯಾರೋ, ಎತ್ತಣವರೋ!

ತಮಾಷೆಯೆಂದರೆ, ಅಣ್ಣತಮ್ಮಂದಿರಾಗಿರುವುದು ತಪ್ಪೇ ಅಲ್ಲ. ಬಂಡವಾಳ, ಆಡಳಿತ, ಕೆಲಸಗಾರರು ನಿಜಕ್ಕೂ ಬೇರೆಬೇರೆಯಾಗಿದ್ದರೆ ಬರೀ ರಕ್ತಸಂಬಂಧ ಹಿಡಿದು ಒಟ್ಟು ಸೇರಿಸುವಂತಿಲ್ಲ. ಒಂದು ಮುಚ್ಚಿದರೆ ಇನ್ನೊಂದು ನಡೆದೀತೇ ಎಂದು ನೋಡುತ್ತಾರೆ. ಇಲ್ಲಿಯೋ, ತಮ್ಮನ ಪ್ರೆಸ್ ಮೆಷಿನ್ ಕೆಟ್ಟರೆ ಅತ್ತಿಗೆಯ ಕಂಪನಿಗೆ ಪ್ಯಾಕ್ ಮಾಡಲು ಮಾಲೇ ಇಲ್ಲ. ಕರೆಂಟ್ ಮೀಟರ್ ಒಂದು. ಮೂರೂ ಚೆಕ್ ಬುಕ್ಕಿಗೆ ಸಹಿ ಒಬ್ಬನದು. ಒಂದು ಕಂಪನಿಯಿಂದ ಇನ್ನೊಂದಕ್ಕೆ ಬಡ್ಡಿಯಿಲ್ಲದ ಕೈಸಾಲ. ಮೂರು ಹಾಜರಿ ಪುಸ್ತಕಗಳಲ್ಲೂ ಒಂದೇ ಕೈಬರಹ, ಅದೇ ಕಾಗುಣಿತದ ತಪ್ಪು. 1952ರ ಪಿ.ಎಫ್. ಕಾಯ್ದೆಯ 2ಎ ಕಲಮಿಗೆ ಇನ್ನೇನು ಬೇಕಿತ್ತು? ವಿಭಾಗ, ಶಾಖೆ ಎಷ್ಟೇ ಇರಲಿ, ಸಂಸ್ಥೆ ಒಂದೇ ಎನ್ನುತ್ತಿತ್ತು ಅದು (2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು). ಕಲಬುರಗಿಯಲ್ಲಿ ಒಂದೇ ಸೊಸೈಟಿಯ ಎರಡು ಕಲಾ ಸಂಸ್ಥೆಗಳ ‘ನಾವು ಬೇರೆ, ಅವರು ಬೇರೆ’ ವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2023ರಲ್ಲಿ ಸೋತಿತು.

ಎಣಿಕೆಯಲ್ಲೂ ಎಡವಟ್ಟು. ಸಂಬಳ 15,000 ದಾಟಿದ ಮ್ಯಾನೇಜರನ್ನೂ ಕಂಟ್ರಾಕ್ಟರ್ ಕಳಿಸಿದ ವಾಚ್‌ಮನ್‌ನನ್ನೂ ಬಿಟ್ಟು ಲೆಕ್ಕ ಹಾಕುತ್ತಾರೆ. ಆ ಮ್ಯಾನೇಜರ್ ಪಿ.ಎಫ್. ಸದಸ್ಯನಾಗದೆ ಹೋಗಬಹುದು, ಆದರೆ ತಲೆ ಎಣಿಸುವಾಗ ಅವನದೂ ಒಂದು ತಲೆಯೇ. ಅಲ್ಲಿಗೆ ಅಣ್ಣನ 19 ಒಂದೇ 21 ಆಯಿತು. ಒಮ್ಮೆ 20 ಮುಟ್ಟಿದ ಮೇಲೆ ನಾಲ್ವರನ್ನು ಮನೆಗೆ ಕಳಿಸಿದರೂ ಕಾಯ್ದೆ ಮಾತ್ರ ಮನೆಗೆ ಹೋಗುವುದಿಲ್ಲ.

ಬಾಕಿ ಎಷ್ಟೆಂದು ಪಿ.ಎಫ್. ಅಧಿಕಾರಿ ನಡೆಸುವ ವಿಚಾರಣೆ ಮುಗಿದಾಗ ಬಾಕಿಯ ಲೆಕ್ಕ ಶುರುವಾಗುವುದು ನೋಟಿಸಿನ ದಿನದಿಂದಲ್ಲ, ಕಾಯ್ದೆ ಅನ್ವಯವಾದ ದಿನದಿಂದ. ಮಾಲೀಕರ ಪಾಲು 12 ಪರ್ಸೆಂಟ್. ಕೆಲಸಗಾರನ 12 ಪರ್ಸೆಂಟನ್ನು ಹಳೇ ತಿಂಗಳುಗಳ ಹೆಸರಲ್ಲಿ ಈಗಿನ ಸಂಬಳದಿಂದ ಮುರಿಯುವಂತಿಲ್ಲ, ಅದೂ ಮಾಲೀಕರ ತಲೆಗೇ. ಮೇಲೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ, ದಂಡ ಬೇರೆ. ಇಷ್ಟಾದರೂ ಮೂರೂ ಕಂಪನಿಗಳು ತಮಗೆ ಪರಸ್ಪರ ಸಂಬಂಧವೇ ಇಲ್ಲವೆಂದು ಮೇಲ್ಮನವಿ ಹಾಕುತ್ತವೆ. ಮೂವರಿಗೂ ಒಬ್ಬರೇ ವಕೀಲರು, ಫೀಜಿನಲ್ಲಿ ರಿಯಾಯಿತಿ ಸಿಗುತ್ತದಲ್ಲ.